ಬೀರ್ ತಲ್ಹಾದಲ್ಲಿ ನಿಂತ ಗಾಡಿ

ಮೊಣಕಾಲುದ್ದ ತೋಡುವಷ್ಟರಲ್ಲೇ ಗುದ್ದಲಿ ಕಲ್ಲಿಗೆ ಬಡಿಯಿತು. ಗುಂಡಿಯೊಳಗೆ ನಿಂತಿದ್ದ ತಾಜಸ್ಸಿರ್ ತನ್ನ ನಿಲುವಂಗಿಯ ಅಂಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇನ್ನೊಂದು ಏಟು ಹಾಕಿದ. ಕಿಡಿ ಹಾರಿತೇ ಹೊರತು ಕಲ್ಲು ಅಲ್ಲಾಡಲಿಲ್ಲ.

"ಬಲಗಡೆಗೆ ಹೊಡಿಯೋ, ಬಲಗಡೆಗೆ," ಎಂದ ಅಬ್ಬಶರ್ ಹಾಜಿ. ಮುಳ್ಳುಮರದ ನೆರಳಿನಲ್ಲಿ ಬಕೆಟ್ ಬೋರಲು ಹಾಕಿಕೊಂಡು ಕೂತು ಅಪ್ಪಣೆ ಕೊಡುವುದೇ ಆವತ್ತು ಅವನ ಪಾಲಿನ ಕೆಲಸ. ಹಿಂದೆ ಎಂಜಿನ್ ಓಡಿಸುತ್ತಿದ್ದವನು, ಈಗ ಹಲ್ಲೂ ಇಲ್ಲ, ಎಂಜಿನ್ನೂ ಇಲ್ಲ. "ಅಗಲವಾಗಿ ತೋಡ್ರಪ್ಪಾ. ಆಯಸ್ಸೆಲ್ಲ ಬೋಗಿಗಳ ಹೊಟ್ಟೆ ಕೆಳಗೆ ಮುದುರ್ಕೊಂಡು ಮಲಗ್ದೋನು. ಇಲ್ಲಾದ್ರೂ ಕೈಕಾಲು ಚಾಚ್ಲಿ."

ತೋಡುತ್ತಿದ್ದವರು ನಕ್ಕರು. ಉಮ್ ಸಿದ್ರದಲ್ಲಿ ಗೋರಿ ತೋಡುವಾಗ ನಗುವುದು ತಪ್ಪಲ್ಲ, ತೋಡದೆ ಮನೆಯಲ್ಲಿ ಕೂರುವುದು ತಪ್ಪು. ಅಲ್ಲಿದ್ದವರೆಲ್ಲ ಬೋಗಿ ಶೆಡ್ಡಿನ ಆಳುಗಳು. ಗುದ್ದಲಿ, ಸಲಿಕೆಗಳೂ ಶೆಡ್ಡಿನವೇ. ಅವರಿಗೆಲ್ಲ ಕೆಲಸ ಕಲಿಸಿದ, ಬೈದ, ಮದುವೆ ಮಾಡಿಸಿದ, ಮತ್ತೆ ಬೈದ ಹಿರಿಯ ಮೇಸ್ತ್ರಿ, ಉಸ್ತಾ ಖಿದಿರ್, ಬೆಳಗಿನ ಬಾಂಗ್ ಮುಗಿಯುವುದರೊಳಗೆ ಯಾರಿಗೂ ತೊಂದರೆ ಕೊಡದೆ ಉಸಿರು ನಿಲ್ಲಿಸಿದ್ದ.

ಅವನಿಗೆ ಒಬ್ಬನೇ ಮಗ, ಮಾಮೂನ್. ಸಮುದ್ರದ ಕಡೆಯ ಬಂದರಿನಲ್ಲಿ ಗೋದಾಮಿನ ಗುಮಾಸ್ತ. ಅಪ್ಪನಿಗೆ ಕಾಯಿಲೆ ಹೆಚ್ಚಾಗಿದೆ ಎಂದು ಹಿಂದಿನ ದಿನವೇ ತಂತಿ ಹೋಗಿತ್ತು, ಅವನು ರಾತ್ರಿಯ ಗಾಡಿ ಹತ್ತಿದ್ದ. ಗಾಡಿ ಮಧ್ಯಾಹ್ನದೊಳಗೆ ಬರಬೇಕು. ಬಂದ ಕೂಡಲೇ ಅವನು ಈ ಗುಂಡಿಗೆ ಇಳಿದು ಅಪ್ಪನ ದೇಹವನ್ನು ಕೈಯಾರೆ ಇಳಿಸಿಕೊಳ್ಳಬೇಕು. ಅದು ಮಗನ ಕೆಲಸ. ಬೇರೆ ಯಾರು ಇಳಿದರೂ ಅವರು ಬದಲಿಯವರೇ. ಅದರಲ್ಲೂ ಈ ಅಪ್ಪ ಮಗ ವರ್ಷಗಳಿಂದ ಸಲಾಮಿನಾಚೆಗೆ ಮಾತಾಡಿದವರಲ್ಲ. ಬದುಕಿದ್ದಾಗ ಆಗದ್ದು ಇವತ್ತಾದರೂ ಆಗಲಿ ಎಂಬುದು ಇಡೀ ಕೇರಿಯ ಆಸೆಯಾಗಿತ್ತು.

ಕಲ್ಲು ಕಿತ್ತು ಮೇಲಕ್ಕೆ ಎಸೆಯುವ ಹೊತ್ತಿಗೆ ಸ್ಟೇಷನ್ನಿನ ಜವಾನ ಸೈಕಲ್ ತುಳಿದುಕೊಂಡು ಬಂದ. ಇಳಿದವನು ಮೊದಲು ಎರಡೂ ಅಂಗೈ ಎತ್ತಿ ಸತ್ತವನಿಗಾಗಿ ಫಾತಿಹಾ ಹೇಳಿದ. ಆಮೇಲೆ ತಾಜಸ್ಸಿರ್‌ನ ಮುಖ ನೋಡದೆ ಹೇಳಿದ:

"ಗಾಡಿ ಬೀರ್ ತಲ್ಹಾದಲ್ಲಿ ನಿಂತಿದೆ, ಉಸ್ತಾ. ಒಂದು ಡಬ್ಬಿಯ ಅಚ್ಚು ಕಾದಿದೆಯಂತೆ. ಅಲ್ಲಿನ ಪರೀಕ್ಷಕ ಓಹಾಜ್ ಗೀಟು ಎಳೆದಿದಾನೆ."

ಸಲಿಕೆಗಳು ನಿಂತವು. ಗೀಟು ಎಂದರೆ ಏನೆಂದು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬೋಗಿಯ ಮೈಮೇಲೆ ಸೀಮೆಸುಣ್ಣದಲ್ಲಿ ಅಡ್ಡಡ್ಡ ಎರಡು ಗೀಟು. ಅದು ಬಿದ್ದ ಮೇಲೆ ಆ ಬೋಗಿಯನ್ನು ಹಳಿಯ ಮೇಲೆ ಓಡಿಸುವಂತಿಲ್ಲ. ಎಳೆದವನೇ ಒರೆಸಬೇಕು, ಇಲ್ಲವೇ ಉಮ್ ಸಿದ್ರದ ಬೋಗಿ ಶೆಡ್ಡಿನ ಹಿರಿಯ ಒರೆಸು ಅನ್ನಬೇಕು. ಸ್ಟೇಷನ್ ಮಾಸ್ತರ ಗೋಗರೆದರೂ ಅಷ್ಟೇ, ಮಂತ್ರಿ ಮೀಸೆ ತಿರುವಿದರೂ ಅಷ್ಟೇ. ಈ ಕಟ್ಟಳೆ ತಂದವನು ಖಿದಿರ್. ಅವನು ನಿವೃತ್ತನಾದ ಮೇಲೆ ಅವನ ಜಾಗಕ್ಕೆ ಬಂದ ತಾಜಸ್ಸಿರ್ ಈಗ ಅವನ ಗೋರಿಯಲ್ಲೇ ನಿಂತಿದ್ದ.

"ಅಂದ್ರೆ," ಎಂದ ಇದ್ರೀಸ್. ಅವನು ಸತ್ತವನ ಅಣ್ಣ, ನದಿಯ ದಡದ ಹಳ್ಳಿಯಿಂದ ಲಾರಿಯಲ್ಲಿ ಬಂದಿದ್ದ, ದೊಡ್ಡ ರುಮಾಲು, ಅದಕ್ಕಿಂತ ದೊಡ್ಡ ಗಂಟಲು. "ನೀನು ಒರೆಸು ಅಂದ್ರೆ ಗಾಡಿ ಬರುತ್ತೆ."

"ಬರಬಹುದು, ದೊಡ್ಡಪ್ಪ."

"ಬರಬಹುದು ಅಂದ್ರೇನೋ? ಬರುತ್ತೋ ಇಲ್ವೋ?"

"ಅಚ್ಚು ತಡೆದ್ರೆ ಬರುತ್ತೆ. ದಾರೀಲಿ ಮುರಿದ್ರೆ ಆ ಡಬ್ಬಿ ಮಗುಚುತ್ತೆ. ಹಿಂದಿನವು ಬಂದು ಅದರ ಮೇಲೆ ಹತ್ತುತ್ತವೆ."

"ಮುರಿದ್ರೆ ಅಂತೆ. ನೂರು ಸಲ ಕಾಯ್ತದೆ, ಒಂದು ಸಲ ಮುರೀತದೆ."

ಅಬ್ಬಶರ್ ಹಾಜಿ ಬಕೆಟ್ಟಿನ ಮೇಲಿಂದ ಎದ್ದ. "ಇದ್ರೀಸ್, ಈ ಮಾತು ನಿನ್ನ ತಮ್ಮನ ಮುಂದೆ ಹೇಳಿದ್ರೆ ಎದ್ದು ಕೂತ್ಕೊಂಡು ನಿನಗೆ ಉತ್ತರ ಕೊಡ್ತಿದ್ದ. ನಡಿ, ಮೊದ್ಲು ಫೋನ್ ಹತ್ರ ಹೋಗೋಣ."

* * *

ಖಿದಿರ್ ಶೆಡ್ಡಿನ ಹಿರಿಯನಾಗುವ ಮೊದಲು ಉಮ್ ಸಿದ್ರದಲ್ಲಿ ಒಂದೇ ಪದ್ಧತಿಯಿತ್ತು. ಮುರಿಯುವ ತನಕ ಓಡಿಸು, ಮುರಿದ ಮೇಲೆ ನೋಡಿಕೊಳ್ಳೋಣ. ಬೋಗಿ ಮರುಭೂಮಿಯಲ್ಲಿ ಕೈಕೊಟ್ಟರೆ ಆಳುಗಳು ಜ್ಯಾಕು, ಹಾರೆ, ನೀರಿನ ಪೀಪಾಯಿ ಕಟ್ಟಿಕೊಂಡು ಹೋಗಿ ವಾರಗಟ್ಟಲೆ ಬಿಸಿಲಲ್ಲಿ ಬೇಯುತ್ತಿದ್ದರು. ಹೊಸ ಬಿಡಿಭಾಗ ಬರುವುದಕ್ಕೆ ತಿಂಗಳುಗಳು ಹಿಡಿಯುತ್ತಿದ್ದುದರಿಂದ ನಿಂತ ಬೋಗಿಯ ಸ್ಪ್ರಿಂಗ್ ಬಿಚ್ಚಿ ಓಡುವ ಬೋಗಿಗೆ, ಅದರ ಬ್ರೇಕು ಬಿಚ್ಚಿ ಇನ್ನೊಂದಕ್ಕೆ ಹಾಕುತ್ತಿದ್ದರು. ಹೀಗೆ ಬಿಚ್ಚಿಸಿಕೊಂಡು ಎಲುಬಾದ ಬೋಗಿಗಳನ್ನು ಊರಾಚೆಯ ಒಂದು ಹಳಿಯ ಮೇಲೆ ತಳ್ಳಿಬಿಡುತ್ತಿದ್ದರು. ಅದಕ್ಕೆ ಸ್ಮಶಾನದ ಹಳಿ ಎಂದೇ ಹೆಸರು. ಮಕ್ಕಳಿಗೆ ಕಣ್ಣಾಮುಚ್ಚಾಲೆಗೆ ಅದಕ್ಕಿಂತ ಒಳ್ಳೆಯ ಜಾಗ ಊರಲ್ಲಿ ಇರಲಿಲ್ಲ.

ಖಿದಿರ್ ಬಂದವನೇ ಮೊದಲು ಬಿಚ್ಚುವುದನ್ನು ನಿಲ್ಲಿಸಿದ. "ಮಲಗಿದೋನ ಜೇಬಿಗೆ ಕೈ ಹಾಕ್ಬೇಡಿ," ಎಂದ. ಆಮೇಲೆ ಪ್ರತಿಯೊಂದು ಬೋಗಿಗೂ ಸರದಿ ಹಚ್ಚಿದ. ಚೆನ್ನಾಗಿ ಓಡುತ್ತಿರಲಿ, ಕುಂಟುತ್ತಿರಲಿ, ಸರದಿ ಬಂದ ದಿನ ಅದು ಶೆಡ್ಡಿಗೆ ಬರಲೇಬೇಕು. ಚಕ್ರ ಅಳೆದು, ಅಚ್ಚಿನ ಪೆಟ್ಟಿಗೆಗಳ ಹಳೆಯ ಎಣ್ಣೆ ತೆಗೆದು ಹೊಸದು ತುಂಬಿ, ಬ್ರೇಕು ಎಳೆದು ನೋಡಿದ ಮೇಲಷ್ಟೇ ಹೊರಗೆ. ನಡುವೆ ಗಾಡಿ ಎಲ್ಲಿ ನಿಂತರೂ ಅಲ್ಲಿನ ಪರೀಕ್ಷಕ ಪ್ರತಿ ಪೆಟ್ಟಿಗೆಯ ಮೇಲೂ ಕೈಯಿಟ್ಟು ನೋಡಬೇಕು. ಕೈ ನಿಲ್ಲದಿದ್ದರೆ ಗೀಟು.

ಹತ್ತಿಯ ಕಾಲ ಶುರುವಾದಾಗ ಜಗಳ ಕಾವೇರಿತು. ಮೂಟೆಗಳು ಬೆಟ್ಟದ ಹಾಗೆ ಬಿದ್ದಿವೆ, ಈ ಮನುಷ್ಯ ಓಡುವ ಬೋಗಿಗಳನ್ನು ಶೆಡ್ಡಿಗೆ ಎಳೆದುಕೊಂಡು ಹೊಟ್ಟೆ ಸೀಳಿ ಕೂತಿದ್ದಾನೆ. ಮೇಲಿನ ಅಧಿಕಾರಿ ಬಂದು ಮೇಜು ಗುದ್ದಿದ.

"ಚೆನ್ನಾಗಿರೋ ಬೋಗೀನ ಯಾಕಯ್ಯ ಬಿಚ್ತೀಯಾ?"

"ಚೆನ್ನಾಗಿರೋವಾಗ ಬಿಚ್ಚಿದ್ರೆ ಮಧ್ಯಾಹ್ನದೊಳಗೆ ಮುಗಿಯುತ್ತೆ ಸಾಹೇಬ್ರೆ. ಕೆಟ್ಟ ಮೇಲೆ ಬಿಚ್ಚಿದ್ರೆ ಇಡೀ ಹತ್ತಿಯ ಕಾಲ ಬೇಕು. ನೀವೇ ಹೇಳಿ, ಯಾವಾಗ ಬಿಚ್ಲಿ?"

ಆ ವರ್ಷ ಅವನಿಗೆ ಬೈಗುಳವೇ ಸಂಬಳ. ಎರಡನೆಯ ವರ್ಷ ಮರುಭೂಮಿಗೆ ಜ್ಯಾಕು ಹೊತ್ತುಕೊಂಡು ಹೋಗುವುದು ಕಡಿಮೆಯಾಯಿತು. ಓಡುವ ಬೋಗಿಗಳು ಮೊದಲಿಗಿಂತ ಕಡಿಮೆ, ಅವು ಹೊತ್ತು ತರುವ ಮೂಟೆ ಮೊದಲಿಗಿಂತ ಜಾಸ್ತಿ. ಅಧಿಕಾರಿಗೆ ಇದು ಹೇಗೆಂದು ಅರ್ಥವಾಗಲಿಲ್ಲ, ಆದರೆ ಮೇಜು ಗುದ್ದುವುದನ್ನು ಬಿಟ್ಟ. ಎಲುಬಾಗಿ ನಿಂತಿದ್ದ ಬೋಗಿಗಳಿಗೂ ಒಂದೊಂದಾಗಿ ಮೈ ತುಂಬಿ ಅವೂ ಹೊರಟುಹೋದವು. ಸ್ಮಶಾನದ ಹಳಿ ಖಾಲಿಯಾದ ದಿನ ಕೇರಿಯ ಮಕ್ಕಳು ಖಿದಿರ್‌ನ ಬಾಗಿಲಿಗೆ ಬಂದು ಜಗಳ ತೆಗೆದರು. ಅವನು ಅವರಿಗೆ ಖರ್ಜೂರ ಕೊಟ್ಟು, ತನ್ನ ಕೈಲಿ ಆಗುವುದು ಇಷ್ಟೇ ಎಂದು ಕಳಿಸಿದ.

* * *

ಸ್ಟೇಷನ್ನಿಗೆ ಹೋಗುವ ದಾರಿಯಲ್ಲೇ ಖಿದಿರ್‌ನ ಮನೆ. ಒಳಗೆ ಹೆಂಗಸರ ಅಳು ಏರಿ ಇಳಿಯುತ್ತಿತ್ತು. ಅಂಗಳದಲ್ಲಿ ಹಗ್ಗದ ಮಂಚದ ಮೇಲೆ, ಬಿಳಿ ಬಟ್ಟೆ ಸುತ್ತಿಸಿಕೊಂಡು, ತೊಳೆದು ಸುಗಂಧ ಹಚ್ಚಿಸಿಕೊಂಡು ಖಿದಿರ್ ಮಗನಿಗಾಗಿ ಕಾಯುತ್ತಿದ್ದ. ಇಮಾಮ ಸಾಲಿಹ್ ಮೊದಲೇ ಹೇಳಿಬಿಟ್ಟಿದ್ದ: ಈ ಸೆಕೆಯಲ್ಲಿ ಇಳಿಹೊತ್ತಿನ ಅಸರ್ ನಮಾಜಿನ ತನಕ ಇಡಬಹುದು, ಅದಕ್ಕಿಂತ ಆಚೆಗೆ ಇಡುವುದು ಸತ್ತವನಿಗೆ ಮಾಡುವ ಅವಮರ್ಯಾದೆ.

ತಾಜಸ್ಸಿರ್ ಒಳಬಾಗಿಲ ಹತ್ತಿರ ನಿಂತು ಖಿದಿರ್‌ನ ಹೆಂಡತಿ ನಫೀಸಾಳನ್ನು ಕರೆಸಿದ. ಅವಳು ಬಿಳಿ ಸೀರೆಯಂಥ ಮೇಲುಡುಪನ್ನು ತಲೆತುಂಬ ಎಳೆದುಕೊಂಡು ಬಂದಳು. ಸುದ್ದಿ ಆಗಲೇ ಅವಳಿಗೆ ಮುಟ್ಟಿತ್ತು.

"ಚಿಕ್ಕಮ್ಮ, ಏನು ಮಾಡ್ಲಿ?"

"ನನ್ನ ಕೇಳ್ಬೇಡ ತಾಜಸ್ಸಿರ್. ನನ್ನ ಕೇಳಿದ್ರೆ ಗಾಡಿ ಹಾರಿಸ್ಕೊಂಡು ಬಾ ಅಂತೀನಿ. ನಾನು ತಾಯಿ. ಅದಕ್ಕೇ ನಿಮ್ಮ ಉಸ್ತಾ ಒಂದು ದಿನಾನೂ ನನ್ನ ಕೇಳ್ಲಿಲ್ಲ." ಅವಳು ಬಾಗಿಲ ಕಡೆ ಕೈ ತೋರಿಸಿದಳು. "ಹೋಗು. ಏನು ಮಾಡಿದ್ರೂ ಬೇಗ ಮಾಡು."

ಹೊರಗೆ ಬಂದಾಗ ಇದ್ರೀಸ್ ಅವನ ತೋಳು ಹಿಡಿದುಕೊಂಡ. "ಕೇಳಿದ್ಯಲ್ಲ? ಇನ್ನೇನು ಬೇಕು ನಿನಗೆ? ಆ ಹುಡುಗನ ಬಾಳಲ್ಲಿ ಈ ಹಾಳು ಗೀಟು ಒಂದು ಸಲ ಆಟ ಆಡಿದ್ದು ಸಾಲ್ದಾ?"

ಆ ಒಂದು ಸಲ ಏನೆಂದು ಮೂವರಿಗೂ ಗೊತ್ತಿತ್ತು. ಹಳಿಯ ಪಕ್ಕದ ದಾರಿ ಹಿಡಿದರು.

* * *

ಮಾಮೂನ್ ಓದಿನಲ್ಲಿ ಚುರುಕು. ರಾಜಧಾನಿಯ ವೈದ್ಯಕೀಯ ಕಾಲೇಜಿನಿಂದ ಸಂದರ್ಶನಕ್ಕೆ ಕರೆ ಬಂದಾಗ ಕೇರಿಗೆ ಕೇರಿಯೇ ಡಾಕ್ಟರು ತಮ್ಮ ಮನೆಯವನೇ ಎಂದು ಬೀಗಿತು. ಒಬ್ಬಳು ಮುದುಕಿ ಆಗಲೇ ಬಂದು ತನ್ನ ಮಂಡಿ ತೋರಿಸಿದಳು. ಹೊರಡುವ ದಿನ ನಫೀಸಾ ಹೊಸ ಬಟ್ಟೆಯಲ್ಲಿ ಅವನನ್ನು ಗಾಡಿ ಹತ್ತಿಸಿದಳು. ಗಾಡಿ ಮಾತ್ರ ಹೊರಡಲಿಲ್ಲ. ಮಾಮೂನ್ ಕೂತಿದ್ದ ಡಬ್ಬಿಯ ಹಿಂದಿನ ಡಬ್ಬಿಗೆ ಅವನ ಅಪ್ಪ ಗೀಟು ಎಳೆದಿದ್ದ.

ಅದನ್ನು ಕಳಚಿ, ಬೇರೆ ಡಬ್ಬಿ ತಂದು ಕೊಂಡಿ ಹಾಕಿ, ಜನರನ್ನು ಅದಕ್ಕೆ ಸಾಗಿಸಿ ಗಾಡಿ ಹೊರಡುವಾಗ ಹೊತ್ತು ಮುಳುಗಿತ್ತು. ಅದಕ್ಕೂ ಮುಂಚೆ ಮಾಮೂನ್ ಇಳಿದು ಬಂದು, ಬೋಗಿಯ ಕೆಳಗೆ ಅಂಗಾತ ಮಲಗಿದ್ದ ಅಪ್ಪನ ಕಾಲಿನ ಹತ್ತಿರ ನಿಂತು ಕೇಳಿದ್ದ: "ಒಂದೇ ಒಂದು ಸಲ ಬಿಡಬಾರದಾ ಅಪ್ಪಾ? ನನಗೋಸ್ಕರ?"

"ಬರೋದಿಲ್ಲ ಮಗಾ," ಎಂದಿತು ಬೋಗಿಯ ಕೆಳಗಿನ ದನಿ. "ಬಿಡೋಕ್ಕೆ ಬರೋದಿಲ್ಲ." ಮುಖ ತೋರಿಸಲಿಲ್ಲ.

ಮಾಮೂನ್ ಮುಟ್ಟುವ ಹೊತ್ತಿಗೆ ಕಾಲೇಜಿನಲ್ಲಿ ಎಲ್ಲ ಮುಗಿದು ಬಾಗಿಲು ಹಾಕಿದ್ದರು. ಅವನು ತಿರುಗಿ ಬಂದವನು ಗಲಾಟೆ ಮಾಡಲಿಲ್ಲ. ಮಾಡಿದ್ದರೆ ಒಳ್ಳೆಯದಿತ್ತು. ಬಂದರಿನಲ್ಲಿ ಕೆಲಸ ಹುಡುಕಿಕೊಂಡು, ಹಬ್ಬಕ್ಕೊಮ್ಮೆ ಬಂದು ಅಪ್ಪನ ಕೈಗೆ ಮುತ್ತಿಟ್ಟು, ಅಮ್ಮನ ಜೊತೆ ಅಡುಗೆಮನೆಯಲ್ಲಿ ಕೂತು ಹೋಗುತ್ತಿದ್ದ. ಹಾಗೇ ವರ್ಷಗಳು ಕಳೆದವು.

* * *

"ನಿಮಗೆ ಒಂದು ಗೊತ್ತಿಲ್ಲ," ಎಂದ ಅಬ್ಬಶರ್ ಹಾಜಿ, ಸ್ಟೇಷನ್ನಿನ ಮೆಟ್ಟಿಲು ಹತ್ತುತ್ತಾ. ಅವನಿಗೆ ಮೆಟ್ಟಿಲಿಗೊಂದು ಉಸಿರು ಬೇಕಿತ್ತು. "ಅದಾದ ವಾರ ಖಿದಿರ್ ರಜಾ ಹಾಕಿದ್ದ. ಅವನ ಜನ್ಮದಲ್ಲಿ ಹಾಕಿದ್ದು ಅದೊಂದೇ. ನನ್ನ ಎಂಜಿನ್ನಲ್ಲೇ ರಾಜಧಾನಿಗೆ ಬಂದ. ಕಾಲೇಜಿನ ಗೇಟಿನ ಮುಂದೆ ಬೆಳಗಿಂದ ಸಂಜೆ ತನಕ ನಿಂತ್ಕೊಂಡು, ಒಳಗೆ ಹೋಗೋ ಬರೋ ಡಾಕ್ಟರುಗಳಿಗೆಲ್ಲ ಹೇಳ್ತಿದ್ದ, ಗಾಡಿ ನಿಲ್ಸಿದ್ದು ನಾನು, ಹುಡುಗನ ತಪ್ಪಲ್ಲ, ಅವನನ್ನ ಒಂದು ಸಲ ನೋಡಿ ಅಂತ. ಕಾವಲುಗಾರ ಅವನನ್ನ ಹುಚ್ಚ ಅಂದ್ಕೊಂಡು ಚಾ ಕುಡಿಸಿ ಕಳಿಸ್ದ. ಯಾರಿಗೂ ಹೇಳ್ಬೇಡ ಅಂದಿದ್ದ, ಹೇಳಿರ್ಲಿಲ್ಲ."

ಇದ್ರೀಸ್ ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡ.

ಸ್ಟೇಷನ್ ಮಾಸ್ತರ ಫೋನಿನ ಹಿಡಿ ತಿರುವಿ ಬೀರ್ ತಲ್ಹಾ ಹಿಡಿದು ಕೊಟ್ಟ. ಆ ಕಡೆ ಓಹಾಜ್. ಬೆಟ್ಟದ ಕಡೆಯ ಬೆಜಾ ಬುಡಕಟ್ಟಿನ ಮನುಷ್ಯ, ಮಾತಿಗೆ ತೆರಿಗೆ ಕಟ್ಟುವವನ ಹಾಗೆ ಮಾತಾಡುವವನು. ಅವನನ್ನು ಆ ಬರಡು ಸ್ಟೇಷನ್ನಿಗೆ ಹಾಕಿದ್ದವನೂ ಖಿದಿರೇ.

"ಹೇಗಿದೆ ಓಹಾಜ್?"

"ಬಿಸಿ."

"ಎಷ್ಟು ಬಿಸಿ? ಬಿಸಿಲಿನ ಬಿಸಿ ಇರಬಹುದಾ?"

"ನೆರಳಿನ ಮಗ್ಗುಲು. ಹೊಗೆ ಬರ್ತಿದೆ."

"ಡಬ್ಬಿ ಕಳಚಿ ಪಕ್ಕದ ಹಳಿಗೆ ಹಾಕೋಕ್ಕೆ ಎಷ್ಟು ಹೊತ್ತು?"

"ಪಕ್ಕದ ಹಳಿ ಮರಳಲ್ಲಿ ಮುಚ್ಚಿದೆ. ತೋಡ್ತಾ ಇದೀವಿ. ಅಸರ್ ಆಗುತ್ತೆ."

ಅಸರ್‌ಗೆ ಅಲ್ಲಿಂದ ಹೊರಟರೆ ಇಲ್ಲಿಗೆ ಮುಸ್ಸಂಜೆ. ಇದ್ರೀಸ್ ಕಿವಿಯನ್ನು ಫೋನಿಗೆ ಆನಿಸಿಕೊಂಡೇ ನಿಂತಿದ್ದ. "ಎಂಜಿನ್ ಒಂದನ್ನೇ ಬಿಚ್ಚಿ, ಹುಡುಗನನ್ನ ಕೂರಿಸ್ಕೊಂಡು ಓಡಿ ಬರೋಕ್ಕೆ ಹೇಳು," ಎಂದ.

"ಬಂದು, ತಿರುಗಿ ಹೋಗಿ, ಆಮೇಲೆ ಡಬ್ಬಿ ಕಳಚೋ ಹೊತ್ತಿಗೆ ಕತ್ತಲಾಗುತ್ತೆ ದೊಡ್ಡಪ್ಪ. ಅಲ್ಲಿ ತನಕ ಅಷ್ಟು ಹೆಂಗಸರು ಮಕ್ಕಳು ಆ ಮರಳಲ್ಲಿ? ಬೀರ್ ತಲ್ಹಾದ ಬಾವಿ ಬತ್ತಿ ಯಾವ ಕಾಲವಾಯ್ತು. ಇಲ್ಲಿದ್ದ ಒಂದು ಎಂಜಿನ್ನೂ ಹತ್ತಿಮೂಟೆ ಗಾಡಿ ಕಟ್ಕೊಂಡು ಹೋಗಿದೆ."

"ಹಾಗಾದ್ರೆ ಒರೆಸು ಅನ್ನು. ನಿಧಾನಕ್ಕೆ, ಒಂಟೆ ನಡಿಗೇಲಿ ತರಲಿ. ಆ ಡಬ್ಬಿಯವರನ್ನ ಬೇರೆ ಡಬ್ಬಿಗೆ ಹತ್ತಿಸ್ಲಿ. ಖಾಲಿ ಡಬ್ಬಿ ಬಿದ್ರೆ ಯಾರಿಗೇನು?"

ಹಿಂದಿನ ಡಬ್ಬಿಗಳಿಗೆ ಏನು ಎಂದು ತಾಜಸ್ಸಿರ್ ಹೇಳಬಹುದಾಗಿತ್ತು. ಹೇಳಲಿಲ್ಲ. ಅವನ ಕಣ್ಣ ಮುಂದೆ ಅಂಗಳದ ಮಂಚವಿತ್ತು. ಅವನಿಗೆ ಕೆಲಸ ಕಲಿಸಿದವನು, ಅವನ ಮಕ್ಕಳಿಗೆ ಹೆಸರಿಟ್ಟವನು, ತನ್ನ ಸ್ವಂತ ಮಗನ ಕೈ ತಾಗದೆ ಮಣ್ಣಿಗೆ ಹೋಗುತ್ತಾನೆ, ಅದೂ ತಾಜಸ್ಸಿರ್ ಬಾಯಿಂದ ಒರೆಸು ಎಂಬ ಒಂದು ಮಾತು ಹೊರಡಲಿಲ್ಲವೆಂದು. ಇಷ್ಟಕ್ಕೂ ನಿಧಾನವಾಗಿ ಬಂದರೆ ಅಚ್ಚು ತಡೆಯಲೂಬಹುದು. ತಡೆದದ್ದನ್ನು ಅವನು ಕಂಡಿದ್ದ.

"ಓಹಾಜ್," ಎಂದ. "ನಾನು ಒರೆಸು ಅಂದ್ರೆ?"

"ಒರೆಸ್ತೀನಿ. ಹಿರಿಯ ನೀನು."

"ಮಾಮೂನ್‌ಗೆ ಕೊಡು."

ಮಾಮೂನ್‌ನ ದನಿ ದೂರದಿಂದ, ಏದುಸಿರಿನ ಜೊತೆ ಬಂತು. ಸಲಾಮು, ಸಮಾಧಾನದ ಮಾತು ಎರಡೂ ಕಡೆಯಿಂದ ಆದವು. ಅಮ್ಮ ಹೇಗಿದ್ದಾಳೆಂದು ಕೇಳಿದ. ಆಮೇಲೆ ತಾಜಸ್ಸಿರ್ ಹೇಳಿದ:

"ಕೇಳು ತಮ್ಮಾ. ಅಸರ್‌ಗಿಂತ ಆಚೆ ಇಡೋಕ್ಕಾಗಲ್ಲ ಅಂತಾರೆ ಇಮಾಮರು. ಗೀಟು ಒರೆಸು ಅಂತ ಹೇಳ್ತಾ ಇದೀನಿ. ಜವಾಬ್ದಾರಿ ನಂದು. ನೀನು ಎಂಜಿನ್ನಲ್ಲೇ ಕೂತ್ಕೊಂಡು ಬಾ."

"ಬೇಡ."

"ಏನಂದೆ?"

"ಬೇಡ ತಾಜಸ್ಸಿರ್ ಅಣ್ಣ. ಇಲ್ಲಿ ಎಲ್ಲರೂ ಹೀಗೇ ಹೇಳಿದ್ರು. ಗಾರ್ಡು ಹೇಳ್ದ, ಡ್ರೈವರು ಹೇಳ್ದ. ಆ ಡಬ್ಬೀಲಿದ್ದ ಒಬ್ಬ ಅಜ್ಜಿ ನನ್ನ ಗಲ್ಲ ಹಿಡ್ಕೊಂಡು, ನಾವು ಇಳಿದು ಬೇರೆ ಡಬ್ಬಿಗಳ ಛಾವಣಿ ಮೇಲೆ ಕೂತ್ಕೋತೀವಿ, ನೀನು ನಿಮ್ಮಪ್ಪನ ಹತ್ರ ಹೋಗು ಮಗನೇ ಅಂದ್ಲು. ಹೋಗೋಣ ಅಂತಾನೇ ಇದ್ದೆ. ಓಹಾಜ್‌ನ ಕೈಯಿಂದ ಬಟ್ಟೆ ಕಿತ್ಕೊಂಡು ನಾನೇ ಒರೆಸೋಕ್ಕೆ ಹೋದೆ." ಅವನು ಉಸಿರು ಎಳೆದುಕೊಂಡ. "ಒರೆಸೋ ಮೊದ್ಲು ಅಚ್ಚಿನ ಪೆಟ್ಟಿಗೇನ ಒಂದು ಸಲ ಮುಟ್ಟಿ ನೋಡೋಣ ಅನ್ನಿಸ್ತು. ಮುಟ್ಟಿದೆ. ಇದನ್ನ ಓಡ್ಸೋಕ್ಕೆ ಬರೋದಿಲ್ಲ ಅಣ್ಣ."

ತಾಜಸ್ಸಿರ್ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ.

"ನೀವು ಮಣ್ಣು ಮಾಡಿ," ಎಂದ ಮಾಮೂನ್. ಅಳುತ್ತಿದ್ದಾನೆಂದು ಈಗ ಸ್ಪಷ್ಟವಾಗಿ ಕೇಳಿಸುತ್ತಿತ್ತು. "ನನ್ನ ಬದಲಿಗೆ ನೀನು ಇಳಿ. ನಾನು ಮರಳು ತೋಡೋಕ್ಕೆ ಹೋಗ್ತೀನಿ."

ಫೋನು ಇಟ್ಟ ಮೇಲೆ ಇದ್ರೀಸ್ ಸ್ಟೇಷನ್ನಿನ ಬೆಂಚಿನ ಮೇಲೆ ಕುಸಿದು ಕೂತ. ಬೈಯಲು ಬಾಯಿ ತೆರೆದ, ಯಾರನ್ನು ಬೈಯುವುದೆಂದು ತಿಳಿಯಲಿಲ್ಲ. ಕೊನೆಗೆ, "ಅಪ್ಪನ ಹಾಗೇ ಮೊಂಡ," ಎಂದ. ಅಷ್ಟು ಹೇಳಿದ್ದೇ ಅವನ ಕಣ್ಣಲ್ಲಿ ನೀರು ಧಾರಾಕಾರವಾಗಿ ಇಳಿಯಿತು.

* * *

ಅಸರ್ ನಮಾಜಿನ ನಂತರ ಖಿದಿರ್‌ನನ್ನು ಹಗ್ಗದ ಮಂಚದ ಮೇಲೆ ಹೊತ್ತುಕೊಂಡು ಹೊರಟರು. ಹೆಗಲು ಕೊಡಲು ಶೆಡ್ಡಿನವರ ನಡುವೆ ನೂಕುನುಗ್ಗಲಾಯಿತು. ಗುದ್ದಾಡಬೇಡಿ, ಸರದಿ ಪ್ರಕಾರ ಬನ್ನಿ ಎಂದು ಯಾರೋ ಗದರಿಸಿದರು. ಸರದಿ ಎಂಬ ಮಾತಿಗೆ ಅತ್ತವರೂ ನಕ್ಕರು.

ಗೋರಿಯ ಪಕ್ಕ ಮಂಚ ಇಳಿಸಿದಾಗ ಇಮಾಮ ಸಾಲಿಹ್ ಜನರ ಕಡೆ ತಿರುಗಿ ಕೇಳಿದ: "ಈ ಮನುಷ್ಯನ ಬಗ್ಗೆ ನಿಮ್ಮ ಸಾಕ್ಷಿ ಏನು?"

"ಒಳ್ಳೆಯವನು," ಎಂದರು ಎಲ್ಲರೂ. ಅದು ಎಲ್ಲರಿಗೂ ಹೇಳುವ ಮಾತೇ. ಆದರೆ ಅಬ್ಬಶರ್ ಹಾಜಿಗೆ ಅಷ್ಟು ಸಾಲಲಿಲ್ಲ. ಅವನು ಒಂದು ಹೆಜ್ಜೆ ಮುಂದೆ ಬಂದ.

"ಇವನು ನನ್ನ ಗಾಡಿ ನಿಲ್ಸಿದಷ್ಟು ಬೇರೆ ಯಾರೂ ನಿಲ್ಸಿಲ್ಲ. ನಾನು ಇವನಿಗೆ ಬೈದಷ್ಟು ನನ್ನ ಹೆಂಡ್ತಿಗೂ ಬೈದಿಲ್ಲ. ನಾನು ಎಂಜಿನ್ ಓಡಿಸಿದ ಅಷ್ಟೂ ಕಾಲ ಹಿಂದೆ ತಿರುಗಿ ನೋಡ್ಲಿಲ್ಲ ಇಮಾಮರೇ. ಹಿಂದೆ ಎಳ್ಕೊಂಡು ಹೋಗ್ತಿರೋದು ಇವನು ನೋಡಿ ಕಳಿಸಿದ್ದು ಅಂತ ಗೊತ್ತಿತ್ತು. ಅದು ನನ್ನ ಸಾಕ್ಷಿ."

ತಾಜಸ್ಸಿರ್ ಮತ್ತು ಇದ್ರೀಸ್ ಗೋರಿಗೆ ಇಳಿದರು. ಮೇಲಿನವರು ದೇಹವನ್ನು ನಿಧಾನವಾಗಿ ಕೊಟ್ಟರು. ಖಿದಿರ್ ಇಷ್ಟು ಹಗುರವಿದ್ದನೇ ಎಂದು ತಾಜಸ್ಸಿರ್‌ಗೆ ಅಚ್ಚರಿಯಾಯಿತು. ಮೆಕ್ಕಾದ ದಿಕ್ಕಿಗೆ, ಕಿಬ್ಲಾದ ಕಡೆ ಮುಖ ಮಾಡಿ ಮಲಗಿಸುವಾಗ, ಮಗನ ಬದಲಿಗೆ ನಾನು ಬಂದಿದ್ದೇನೆ, ಅವನು ಯಾಕೆ ಬರಲಿಲ್ಲವೆಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂದು ಕಿವಿಯ ಹತ್ತಿರ ಬಗ್ಗಿ ಹೇಳಿದ. ಹಾಗೆ ಹೇಳುವ ಪದ್ಧತಿಯೇನೂ ಇಲ್ಲ. ಇದ್ರೀಸ್ ಕೇಳಿಸಿಕೊಂಡೇ ತಮ್ಮನಿಗೆ ಸುತ್ತಿದ್ದ ಬಟ್ಟೆಯ ಗಂಟು ಸಡಿಲಿಸಿದ.

ಮಣ್ಣು ಮುಚ್ಚಿದರು. ನೀರು ಚಿಮುಕಿಸಿದರು. ಜನ ಮನೆಯ ಮುಂದಿನ ಚಪ್ಪರಕ್ಕೆ ಹೋಗಿ ಚಾಪೆಗಳ ಮೇಲೆ ಕೂತರು.

ಹೊತ್ತು ಮುಳುಗಿದ ಮೇಲೆ ಪೂರ್ವದಿಂದ ಗಾಡಿಯ ಕೂಗು ಕೇಳಿತು. ಯಾರೂ ಹೇಳದೆಯೇ ಚಪ್ಪರವೆಲ್ಲ ಎದ್ದು ಸ್ಟೇಷನ್ನಿಗೆ ನಡೆಯಿತು.

ಗಾಡಿ ಒಂದು ಡಬ್ಬಿ ಕಡಿಮೆಯಾಗಿ ಬಂದು ನಿಂತಿತು. ಮಾಮೂನ್ ಇಳಿದ. ತಲೆಯಿಂದ ಕಾಲಿನ ತನಕ ಮರಳು, ಹುಬ್ಬು ಕೂಡ ಬೆಳ್ಳಗಾಗಿತ್ತು. ಪ್ಲಾಟ್‌ಫಾರ್ಮಿನ ತುಂಬ ಅಂಗೈಗಳು ಎದ್ದವು, ಫಾತಿಹಾ ಆಯಿತು. ಅವನೂ ಕೈ ಎತ್ತಿದ. ಬಲಗೈಗೆ ರುಮಾಲಿನ ತುಂಡು ಸುತ್ತಿಕೊಂಡಿದ್ದ. ಇದ್ರೀಸ್ ಅವನನ್ನು ತಬ್ಬಿಕೊಂಡು ಬಿಡಲೇ ಇಲ್ಲ.

ಆಗ ಡಬ್ಬಿಗಳ ಬಾಗಿಲುಗಳಿಂದ ಒಬ್ಬೊಬ್ಬರೇ ಇಳಿಯತೊಡಗಿದರು. ಇವರ್ಯಾರೂ ಉಮ್ ಸಿದ್ರದಲ್ಲಿ ಇಳಿಯಬೇಕಾದವರಲ್ಲ, ಮುಂದಕ್ಕೆ ಹೋಗುವವರು. ತಟ್ಟೆ, ತಗಡು, ಪೆಟ್ಟಿಗೆಯ ಮುಚ್ಚಳ, ಕೈಗೆ ಸಿಕ್ಕಿದ್ದರಲ್ಲಿ ಮಾಮೂನ್ ಜೊತೆ ಮರಳು ತೋಡಿದವರು. ಅವರ ಮೈಮೇಲೂ ಅದೇ ಮರಳು. ಕಂಕುಳಲ್ಲಿ ಮಗು ಇಟ್ಟುಕೊಂಡವರು, ಊರುಗೋಲು ಹಿಡಿದವರು, ಗಾರ್ಡು, ಡ್ರೈವರು. ಅವನ ಗಲ್ಲ ಹಿಡಿದಿದ್ದ ಅಜ್ಜಿಯನ್ನು ಇಬ್ಬರು ಕೈಹಿಡಿದು ಇ‌ಳಿಸಿದರು.

"ಗೋರಿ ಎಲ್ಲಿ?" ಎಂದಳು ಅಜ್ಜಿ. "ನಾವು ಸಲಾಮು ಹೇಳಿ ಹೋಗ್ತೀವಿ. ಹೆಂಗಸರು ಅಲ್ಲಿ ತನಕ ಬರಬಾರದು ಅಂದ್ರೆ ದೂರದಿಂದ ಹೇಳ್ತೀವಿ."

ಸ್ಟೇಷನ್ ಮಾಸ್ತರ ಗಡಿಯಾರ ನೋಡಿದ. ಗಾಡಿ ಆಗಲೇ ಬಹಳ ತಡವಾಗಿತ್ತು. ಹಸಿರು ದೀಪವನ್ನು ಮೇಜಿನ ಮೇಲೆ ಆರಿಸಿಟ್ಟು ಅವನೂ ಜನರ ಹಿಂದೆ ನಡೆದ.

ಗೋರಿಯ ಹತ್ತಿರ ಮಾಮೂನ್ ಬಹಳ ಹೊತ್ತು ಕೂತಿದ್ದ. ಏನು ಹೇಳಿದನೋ ಯಾರಿಗೂ ಕೇಳಿಸಲಿಲ್ಲ, ಕೇಳಿಸಿಕೊಳ್ಳಲು ಯಾರೂ ಹತ್ತಿರ ಹೋಗಲಿಲ್ಲ. ಎಡಗೈಯಿಂದ ಮೂರು ಹಿಡಿ ಮಣ್ಣು ಹಾಕಿ ಎದ್ದ. ಹಿಂದೆ ಸಾಲಾಗಿ ನಿಂತಿದ್ದ ಪ್ರಯಾಣಿಕರು ಒಬ್ಬೊಬ್ಬರಾಗಿ ಬಂದು ಮಣ್ಣು ಹಾಕಿದರು. ಆ ಸಾಲು ಮುಗಿಯುವ ತನಕ ಗಾಡಿ ಕಾಯಿತು.

ಮನೆಗೆ ಬಂದಾಗ ನಫೀಸಾ ಒಳಗಿನ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಮಗ ಬಂದು ಅವಳ ಮಡಿಲಲ್ಲಿ ತಲೆಯಿಟ್ಟ. ಇಬ್ಬರೂ ಅತ್ತರು. ಸುತ್ತಲಿದ್ದ ಹೆಂಗಸರೂ ಅತ್ತರು. ಅಳು ಇಳಿದ ಮೇಲೆ ಅವಳು ಅವನ ಬಲಗೈ ಎಳೆದುಕೊಂಡು ಸುತ್ತಿದ್ದ ಬಟ್ಟೆ ಬಿಚ್ಚಿದಳು. ಅಂಗೈಯಿಡೀ ಕೆಂಪಗೆ ಬೊಬ್ಬೆ ಎದ್ದು ಒಡೆದಿತ್ತು. ಪಕ್ಕದಲ್ಲಿದ್ದ ಹೆಂಗಸು ಬಾಯಿಗೆ ಕೈ ಇಟ್ಟುಕೊಂಡಳು. ನಫೀಸಾ ಗಾಬರಿಯಾಗಲಿಲ್ಲ. ಕೂತಲ್ಲಿಂದಲೇ ಕೈ ಚಾಚಿ ಮಂಚದ ಕೆಳಗಿನಿಂದ ಎಳ್ಳೆಣ್ಣೆಯ ಶೀಶೆ ತೆಗೆದು, ಬಿರಟೆಯನ್ನು ಹಲ್ಲಿನಿಂದ ಕಿತ್ತು, ಬೆರಳ ತುದಿಯಿಂದ ಬೊಬ್ಬೆಗಳ ಸುತ್ತ ಎಣ್ಣೆ ಸವರತೊಡಗಿದಳು. ಕೈಯ ಕಡೆ ನೋಡುತ್ತಲೇ ಇರಲಿಲ್ಲ, ಮಗನ ಮುಖವನ್ನೇ ನೋಡುತ್ತಿದ್ದಳು.

"ಕಾದ ಪೆಟ್ಟಿಗೆಗೆ ನೇರ ಅಂಗೈ ಇಡಬಾರದು ಮಗಾ, ನಿಮ್ಮಪ್ಪ ಇಡ್ತಿರ್ಲಿಲ್ಲ," ಎಂದಳು. ಅವನ ಕೈಯನ್ನು ಮೆಲ್ಲಗೆ ಮಗುಚಿ, ಹಿಂಗೈಯನ್ನು ತನ್ನ ಕೆನ್ನೆಯ ಹತ್ತಿರಕ್ಕೆ, ತಾಗಿಯೂ ತಾಗದಷ್ಟು ಹತ್ತಿರಕ್ಕೆ ಒಯ್ದು ಹಿಡಿದಳು. "ಮೊದಲು ಹೀಗೆ."